ಬುಡದಲ್ಲಿ ನಿಂತ ಬೆನೆತ್

ಆ ವರ್ಷ ಬೆನೆತ್‌ನ ಅಂಗಡಿಗೆ ಉಪ್ಪುಮೀನು ಕೊಳ್ಳಲು ಹೋದವರಿಗೆಲ್ಲ ಮೀನಿನ ಜೊತೆ ಒಂದಷ್ಟು ಬೈಗುಳ ಪುಕ್ಕಟೆ ಸಿಗುತ್ತಿತ್ತು. ಬೈಯುತ್ತಿದ್ದದ್ದು ಗಿರಾಕಿಗಳನ್ನಲ್ಲ, ಊರನ್ನು. ಅಮೃತಶಿಲೆಯ ತೊಟ್ಟಿಯಲ್ಲಿ ನೆನೆಹಾಕಿದ ಮೀನಿನ ನೀರು ಬದಲಿಸುತ್ತ, "ಏಳು ವರ್ಷದ ಮಗೂನ ಮೂರು ಮಹಡಿ ಎತ್ತರಕ್ಕೆ ಹತ್ತಿಸಿ ಚಪ್ಪಾಳೆ ಹೊಡೀತಾರಲ್ಲ, ಇವರಿಗೇನು ಬುದ್ಧಿ ಇದೆಯೇನ್ರೀ?" ಅನ್ನುತ್ತಿದ್ದ.

"ಅಲ್ರೀ ಬೆನೆತ್, ಇಷ್ಟು ವರ್ಷ ಕೆಳಗೆ ನಿಂತು ಹತ್ತಿಸಿದೋರು ನೀವೇ ಅಲ್ವಾ?" ಎಂದು ಮುದುಕಿ ರೊಸಾಲಿಯಾ ಕಿಸಕ್ಕನೆ ನಗುತ್ತಿದ್ದಳು. "ಬಾಲದ ಕಡೇದು ಬೇಡ, ದಪ್ಪ ತುಂಡು ಕೊಡಿ. ಊರನ್ನ ಆಮೇಲೆ ತಿದ್ದುವಿರಂತೆ."

ಕತ್ತಿ ಹಲಗೆಯ ಮೇಲೆ ಧಡ್ ಎಂದು ಬೀಳುತ್ತಿತ್ತು. ಮುದುಕಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅವನ ಹೊಟ್ಟೆ ಉರಿಸುತ್ತಿದ್ದದ್ದು.

ತರ್ರಗೋನಾ ಸೀಮೆಯ ನಮ್ಮ ಊರಲ್ಲಿ ಹುಟ್ಟಿದವರಿಗೆ ಗೋಪುರವೆಂದರೆ ಕಲ್ಲಿನದಲ್ಲ. ಹೆಗಲ ಮೇಲೆ ಹೆಗಲು, ಅದರ ಮೇಲೆ ಇನ್ನೊಂದು ಹೆಗಲು, ಹೀಗೆ ಎಂಟು ಅಂತಸ್ತು. ತುದಿಗೆ ಹತ್ತಿ ಕೈ ಎತ್ತಿ ಬೀಸುವುದು ಒಂದು ಮಗು. ಮಗುವೇ ಯಾಕೆ ಅಂದರೆ ಅಷ್ಟು ಮೇಲೆ ಅದಕ್ಕಿಂತ ಹೆಚ್ಚು ತೂಕವನ್ನು ಯಾರೂ ತಾಳಲಾರರು. ಕೆಳಗೆ ಇನ್ನೂರು ಮುನ್ನೂರು ಜನ ಒಬ್ಬರನ್ನೊಬ್ಬರು ಒತ್ತಿಕೊಂಡು ಬುಡವಾಗಿ ನಿಲ್ಲುತ್ತಾರೆ. ಗೋಪುರ ಬಿದ್ದರೆ ಬೀಳುವುದೂ ಅವರ ತಲೆಗಳ ಮೇಲೆಯೇ.

ಬೆನೆತ್ ಆ ಬುಡದ ನಟ್ಟನಡುವಿನವನು. ಮೋಟು ಆಳು, ಎಮ್ಮೆಯಂಥ ಕತ್ತು. ನೆಲದ ಮೇಲೆ ನಿಂತು ಉಳಿದವರನ್ನು ಹೊರುವ ಮೊದಲ ಅಂತಸ್ತಿನ ಆಳಿನ ಕಂಕುಳಿಗೆ ಹೆಗಲು ಕೊಟ್ಟು ನಿಲ್ಲುವ ಕೆಲಸ ಅವನದು. ಆ ಜಾಗಕ್ಕೆ ಊರುಗೋಲು ಅಂತಲೇ ಹೆಸರು. ಅಳತೆಗೆ ಸರಿಯಾದ ಊರುಗೋಲು ಸಿಗುವುದು ಕಷ್ಟ. ಒಂದು ಅಂಗುಲ ಹೆಚ್ಚಾದರೆ ಆ ಆಳಿನ ತೋಳು ನೋಯುತ್ತದೆ, ಕಡಿಮೆಯಾದರೆ ಅವನು ಕುಸಿಯುತ್ತಾನೆ. ಮೀಸೆ ಬಂದಾಗಿನಿಂದ ಬೆನೆತ್ ಅಲ್ಲೇ ನಿಂತಿದ್ದ. ಅವನ ಬೆನ್ನಿಗೆ ಎದೆ ಒತ್ತಿ ನಿಲ್ಲುತ್ತಿದ್ದವನು ಬೇಕರಿಯ ಪಾವ್. ಇಬ್ಬರಿಗೂ ಕಾಣುತ್ತಿದ್ದದ್ದು ಯಾರದೋ ಅಂಗಿ, ಯಾರದೋ ಬೆವರು. ಮೇಲೆ ಏನಾಗುತ್ತಿದೆ ಅನ್ನುವುದನ್ನು ಓಲಗದವರು ಹೇಳಬೇಕು. ಮಗು ಕೈ ಎತ್ತಿದ ಕ್ಷಣ ರಾಗ ಬದಲಾಗುತ್ತದೆ. ಆ ರಾಗ ಕೇಳಿಯೇ ಬೆನೆತ್ ಕುಣಿದಾಡಿದ್ದ, ಅತ್ತಿದ್ದ, ಕುಡಿದಿದ್ದ. ಆದರೆ ಬೇರೆ ಗುಂಪಿನವರಿಗೂ ಬುಡಕ್ಕೇ ನುಗ್ಗುತ್ತಿದ್ದವನು ಒಂದು ಗೋಪುರವನ್ನೂ ಕಣ್ಣಾರೆ ನೋಡಿರಲಿಲ್ಲ.

ನೋಡಿದ್ದು ಹಿಂದಿನ ವರ್ಷ. ಅಂಡವಾಯುವಿನ ಆಪರೇಷನ್ ಆಗಿ, ಭಾರ ಹೊರಲೇಬೇಡಿ ಎಂದು ಡಾಕ್ಟರು ಗದರಿದ್ದರಿಂದ ಊರಹಬ್ಬದ ದಿನ ಚೌಕದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಕ್ಕದೂರಿನ ಗುಂಪು ಕಟ್ಟತೊಡಗಿತು. ಏರಿತು, ಏರಿತು, ಏರುತ್ತಲೇ ಹೋಯಿತು. ಬೆನೆತ್‌ನ ಕತ್ತು ಹಿಂದಕ್ಕೆ ಬಾಗಿತು. ತಲೆಗೆ ಹೆಲ್ಮೆಟ್ ಹಾಕಿದ ಒಂದು ಚೋಟುದ್ದ ಹುಡುಗಿ ಪುರಸಭೆಯ ಬಾಲ್ಕನಿಯನ್ನು ದಾಟಿ ಮೇಲೆ ಹೋದಾಗ ಅವನು ಕುರ್ಚಿಯ ಅಂಚು ಹಿಡಿದುಕೊಂಡ. ಇಷ್ಟು ಎತ್ತರವಾ? ಇಷ್ಟು ವರ್ಷ ತನ್ನ ತಲೆಯ ಮೇಲೆ ಇದು ನಡೆಯುತ್ತಿತ್ತಾ? ಅಷ್ಟರಲ್ಲಿ ಗೋಪುರ ನಡುಗಿ, ನಡುವಿನಿಂದ ಮುರಿದು, ಮೇಲಿದ್ದವರೆಲ್ಲ ಉದುರಿದರು. ಆ ಹುಡುಗಿ ಎರಡೇ ನಿಮಿಷಕ್ಕೆ ಎದ್ದು ನಕ್ಕಳು. ಬೆನೆತ್‌ಗೆ ಮಾತ್ರ ಕುರ್ಚಿಯಿಂದ ಏಳಲು ಆಗಲಿಲ್ಲ.

ಅದಾದ ಚಳಿಗಾಲದಲ್ಲಿ ಗುಂಪಿನ ಮುಖಂಡ ಫೆರ್ಮಿ ತುದಿಗೆ ಹೊಸ ಮಗುವನ್ನು ಆರಿಸಿದ. ಯಾರನ್ನು? ಬೆನೆತ್‌ನ ಮೊಮ್ಮಗಳು ಜಿನೆಸ್ತಾಳನ್ನೇ.

ಭಾನುವಾರದ ಊಟಕ್ಕೆ ಮಗಳು ಅಸ್ಸುಂಪ್ತಾ ಆ ಸುದ್ದಿಯನ್ನು ಹೋಳಿಗೆ ಬಡಿಸಿದಷ್ಟು ಸಂಭ್ರಮದಿಂದ ಹೇಳಿದಳು. ಅವಳೂ ಐದನೇ ಅಂತಸ್ತಿನಲ್ಲಿ ನಿಲ್ಲುವವಳು. ಜಿನೆಸ್ತಾ ಹತ್ತಬೇಕಾದದ್ದು ಅವಳ ಬೆನ್ನ ಮೇಲಿಂದಲೇ.

"ಬೇಡ," ಅಂದ ಬೆನೆತ್.

"ಏನು ಬೇಡ? ಅನ್ನ ಬೇಡ್ವಾ?"

"ಮಗು ಹತ್ತೋದು ಬೇಡ. ನಾನು ನೋಡಿದೀನಿ ಕಣೇ ಅಸ್ಸುಂಪ್ತಾ, ಎಷ್ಟು ಎತ್ತರ ಅಂತ."

"ನೋಡಿದೀಯಾ! ನಾನು ಅಲ್ಲಿ ನಿಂತೇ ಬಂದಿದೀನಪ್ಪ. ಆರು ವರ್ಷಕ್ಕೆ ನನ್ನ ಹತ್ತಿಸಿದ್ದು ಯಾರು? ಪಕ್ಕದ ಮನೆಯವರಾ?"

"ಆಗ ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಹತ್ತಿಸಿದ್ದೆ, ಸರಿ. ನಾನೇನು ಸತ್ತೋದ್ನಾ? ಭಯ ಅಂದ್ರೇನು, ಮೈ ಬಿಗಿಹಿಡಿಯೋದು ಹೇಗೆ, ಎಲ್ಲ ಅಲ್ಲೇ ಕಲ್ತಿದ್ದು. ಇವಳು ಮನೇಲಿ ಕೂತು ಫೋನ್ ಉಜ್ಜಲಿ ಅಂತೀಯಾ?"

ಜಿನೆಸ್ತಾ ಮಧ್ಯೆ ಬಾಯಿ ಹಾಕಿದಳು. "ತಾತ, ನೀನು ಹೆದ್ರುಪುಕ್ಲ."

ಎಲ್ಲರೂ ನಕ್ಕರು. ಬೆನೆತ್ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದ. ಯಾರೂ ಕರೆಯಲಿಲ್ಲ. ಇನ್ನೊಂದು ಚಮಚ ಸಾರು ಯಾರಿಗೆ ಎಂದು ಅಸ್ಸುಂಪ್ತಾ ಕೇಳುತ್ತಿದ್ದದ್ದು ಅಂಗಳದವರೆಗೂ ಕೇಳಿಸಿತು.

ಫೆರ್ಮಿಯ ಹತ್ತಿರ ಹೋದ. ಫೆರ್ಮಿ ಹೆಗಲ ಮೇಲೆ ಕೈಹಾಕಿ ವೈನ್ ಕುಡಿಸಿ, "ನಿಮ್ಮ ಪ್ರೀತಿ ಅರ್ಥ ಆಗತ್ತೆ ಬೆನೆತಣ್ಣ, ಕೆಳಗೆ ನೀವಿರೋವಾಗ ನಂಗೇನು ಚಿಂತೆ?" ಎಂದು ಕಳಿಸಿಬಿಟ್ಟ. ಬೀದಿಗೆ ಬಂದ ಮೇಲೆ ಬೆನೆತ್‌ಗೆ ಹೊಳೆಯಿತು, ಈ ಮಾತಲ್ಲಿ ತನಗೆ ಉತ್ತರವೇ ಇರಲಿಲ್ಲ ಅಂತ.

ಸರಿ, ನಾನೇ ಹೋಗಲ್ಲ ಎಂದು ತೀರ್ಮಾನಿಸಿದ. ಊರುಗೋಲಿಲ್ಲದೆ ಅದು ಹೇಗೆ ಕಟ್ಟುತ್ತಾರೋ ನೋಡೋಣ! ಮಂಗಳವಾರದ ಅಭ್ಯಾಸಕ್ಕೆ ಹೋಗಲಿಲ್ಲ, ಶುಕ್ರವಾರವೂ ಹೋಗಲಿಲ್ಲ. ಯಾರಾದರೂ ಕರೆಯಲು ಬಂದಾರು ಎಂದು ಅಂಗಡಿ ಬಾಗಿಲು ಅರ್ಧ ತೆರೆದೇ ಇಟ್ಟು ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ. ಮರುವಾರ ಮೊಮ್ಮಗಳನ್ನು ಕರೆದುಕೊಂಡು ಬರುವ ನೆಪದಲ್ಲಿ ಅಭ್ಯಾಸದ ಸಭಾಂಗಣಕ್ಕೆ ಹೋಗಿ ಇಣುಕಿದ. ತನ್ನ ಜಾಗದಲ್ಲಿ ಯಾವನೋ ಕಾಲೇಜು ಹುಡುಗ! ಸಣಕಲು ಕಾಲು, ಮೊಣಕಾಲು ಗಡಗಡ. ಅವನು ನಡುಗಿದರೆ ಅವನ ಆಸರೆಯಲ್ಲಿದ್ದ ಆಳೂ ನಡುಗುತ್ತಿದ್ದ, ಆ ನಡುಕ ಒಂದೊಂದೇ ಅಂತಸ್ತು ಏರಿ ಅಸ್ಸುಂಪ್ತಾಳ ಭುಜಕ್ಕೆ ಬರುತ್ತಿತ್ತು. ಆ ಭುಜದ ಮೇಲೆ ಕಾಲಿಟ್ಟು ಹತ್ತುತ್ತಿದ್ದಳು ಜಿನೆಸ್ತಾ.

ಸಭಾಂಗಣದಲ್ಲಿ ಬಿದ್ದವರನ್ನು ಹಿಡಿಯಲು ಬಲೆ ಕಟ್ಟಿತ್ತು, ನಿಜ. ಚೌಕದಲ್ಲಿ ಬಲೆ ಎಲ್ಲಿರುತ್ತದೆ? ಬೆನೆತ್ ಕೋಟು ಕೂಡ ಬಿಚ್ಚದೆ ಒಳನುಗ್ಗಿ ತನ್ನ ಹೆಗಲು ಕೊಟ್ಟ, ಆ ಹುಡುಗನ ಕಿವಿ ಹಿಡಿದು ಹೊರಗೆಳೆದ. ಗೋಪುರ ಗಕ್ಕನೆ ನಿಂತಿತು. ಹಿಂದಿನಿಂದ ಪಾವ್, "ಬಂದ್ರಾ? ಕೋಪ ಇಳೀತಾ?" ಎಂದು ನಕ್ಕ. ಬೆನೆತ್ ಹಲ್ಲು ಕಚ್ಚಿಕೊಂಡ. ಎಂಥ ಪೀಕಲಾಟ ನೋಡಿ! ಬೇಡ ಅನ್ನಲು ಅವನ ಕೈಲಿದ್ದದ್ದು ಒಂದೇ ದಾರಿ, ಜಾಗ ಬಿಟ್ಟು ಹೋಗುವುದು. ಜಾಗ ಬಿಟ್ಟರೆ ಬೀಳುವುದು ಅದೇ ಮಗು. ಹಾಗಾಗಿ ಬೇಡ ಬೇಡ ಅನ್ನುತ್ತಲೇ ವಾರಕ್ಕೆರಡು ಸಲ ಹೋಗಿ ಹೆಗಲು ಕೊಡುತ್ತಿದ್ದ. ಊರಿಗೆ ಅದೊಂದು ತಮಾಷೆಯಾಯಿತು.

ಸೆಪ್ಟೆಂಬರಿನ ಊರಹಬ್ಬ ಬಂತು. ಚೌಕ ಕಿಕ್ಕಿರಿದಿತ್ತು. ಬುಡಕ್ಕೆ ಸೇರುವ ಮುಂಚೆ ಬೆನೆತ್ ಮೊಮ್ಮಗಳ ಹೆಲ್ಮೆಟ್ಟಿನ ಪಟ್ಟಿ ಎಳೆದು ನೋಡಿದ. "ಹೆದರಿಕೆ ಆದ್ರೆ ಇಳಿದುಬಿಡು ಪುಟ್ಟಿ. ಯಾರೂ ಏನೂ ಅನ್ನಲ್ಲ."

"ನಂಗೆ ಹೆದರಿಕೆ ಇಲ್ಲ ತಾತ," ಅಂದಳು ಅವಳು, ಬೇಸರದಿಂದ.

ಬುಡ ಬಿಗಿಯಿತು. ಕತ್ತಲು, ಬೆವರು, ಪಾವ್‌ನ ಉಸಿರು ಕತ್ತಿನ ಮೇಲೆ. ಓಲಗ ಶುರುವಾಯಿತು. ಭಾರ ಒಂದೊಂದಾಗಿ ಹೆಗಲಿಗೆ ಇಳಿಯತೊಡಗಿತು. ಈಗ ಮೂರನೆಯವರು. ಈಗ ನಾಲ್ಕು. ಈಗ ಅಸ್ಸುಂಪ್ತಾ. ಬೆನೆತ್ ಕಣ್ಣು ಮುಚ್ಚಿ ರಾಗ ಬದಲಾಗಲಿ ಎಂದು ಕಾದ. ಬದಲಾಗಲಿಲ್ಲ. ಅದೇ ಸಾಲು ಮತ್ತೆ ಮತ್ತೆ ಬಂತು. ಮೇಲಿಂದ ಒಂದು ನಡುಕ ಇಳಿದು ಬಂದು ಅವನ ಬೆನ್ನುಮೂಳೆಯಲ್ಲಿ ಕೂತಿತು. ಫೆರ್ಮಿ ಏನೋ ಕೂಗಿದ. ಆಚೆ ಓಡಿ ನೋಡಬೇಕು ಅನ್ನಿಸಿತು, ಕಾಲು ಕೀಳುವ ಹಾಗಿರಲಿಲ್ಲ. ಆಮೇಲೆ ಭಾರ ಮೆಲ್ಲಗೆ ಕಡಿಮೆಯಾಯಿತು. ರಾಗ ಬದಲಾಗದೆಯೇ ಎಲ್ಲರೂ ಇಳಿದರು.

ಜನರನ್ನು ತಳ್ಳಿಕೊಂಡು ಹೊರಬಂದರೆ ಜಿನೆಸ್ತಾ ನೆಲಕ್ಕೆ ಕಾಲು ಬಡಿದು ಅಳುತ್ತಿದ್ದಳು. ಬೆನೆತ್ ಅವಳನ್ನು ತಬ್ಬಿಕೊಳ್ಳಹೋದ. "ಒಳ್ಳೇದಾಯ್ತು ಕಂದಾ, ಜಾಣೆ ನೀನು, ಇಳಿದುಬಿಟ್ಟೆ."

"ನಾನು ಇಳೀಲಿಲ್ಲ! ಅಮ್ಮ ಇಳಿಸಿದ್ಲು!"

ಅಸ್ಸುಂಪ್ತಾ ಕಲ್ಲುಚಪ್ಪಡಿಯ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಮುಖ ಬಿಳುಚಿಕೊಂಡಿತ್ತು. "ಅವಳ ಕಾಲು ನನ್ನ ಸೊಂಟದ ಪಟ್ಟಿ ಮೇಲೆ ಬಂತಪ್ಪ," ಅಂದಳು. "ಎಷ್ಟು ಪುಟ್ಟ ಕಾಲು... ಕೈಯೆಲ್ಲ ಸೋತೋಯ್ತು. ಹೋಗು ಕೆಳಗೆ ಅಂದ್ಬಿಟ್ಟೆ." ಅಪ್ಪನ ಮುಖ ನೋಡಲಿಲ್ಲ.

ಬೆನೆತ್‌ಗೆ ಗೆದ್ದೆ ಅನ್ನಿಸಬೇಕಿತ್ತು. ಒಂದು ವರ್ಷ ಕಿರುಚಿದ ಮೇಲೆ ಕೊನೆಗೂ ಒಬ್ಬಳಿಗೆ ಅರ್ಥವಾಗಿತ್ತು. ಅಷ್ಟರಲ್ಲಿ ಫೆರ್ಮಿ ಬಂದ.

"ಮುಂದಿನ ಸುತ್ತಿಗೆ ಮತ್ತೆ ಕಟ್ತೀವಿ. ಜಿನೆಸ್ತಾನ ಹತ್ತಿಸಲಾ? ನೀವೇ ಹೇಳಿ ಬೆನೆತಣ್ಣ, ನೀವಂದಂತೆ."

ಜಿನೆಸ್ತಾ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಅಸ್ಸುಂಪ್ತಾಳೂ ನೋಡಿದಳು.

"ಬೇಡ," ಅಂದ ಬೆನೆತ್.

"ಆಯ್ತು," ಅಂದ ಫೆರ್ಮಿ, ಚರ್ಚೆಯೇ ಇಲ್ಲದೆ. ತಿರುಗಿ ಕೂಗಿದ. "ಪಾವ್! ನಿನ್ನ ಮಗಳನ್ನ ಕರಿ. ಐನಾ ಹತ್ತುತ್ತಾಳೆ. ಹೆಲ್ಮೆಟ್ ಹಾಕ್ರೋ! ಎಲ್ಲ ನಿಮ್ಮ ನಿಮ್ಮ ಜಾಗಕ್ಕೆ!"

ಅಭ್ಯಾಸದಲ್ಲಿ ಬದಲಿಯಾಗಿ ಹತ್ತುತ್ತಿದ್ದ ಐನಾಗೆ ಆರು ತುಂಬಿರಲಿಲ್ಲ. ಉದುರಿದ ಮುಂದಿನ ಎರಡು ಹಲ್ಲು ಇನ್ನೂ ಬಂದಿರಲಿಲ್ಲ. ಯಾರೋ ಅವಳ ಸೊಂಟಕ್ಕೆ ಉದ್ದನೆಯ ಬಟ್ಟೆಪಟ್ಟಿ ಬಿಗಿಯುತ್ತಿದ್ದರೆ ಕೈ ಮೇಲೆತ್ತಿ ಗಿರಗಿರನೆ ಸುತ್ತುತ್ತಿದ್ದಳು. ಅಸ್ಸುಂಪ್ತಾ ಎದ್ದು ಅಂಗೈ ಒರೆಸಿಕೊಂಡು ತನ್ನ ಜಾಗಕ್ಕೆ ನಡೆದಳು.

ಬೆನೆತ್ ಬುಡದ ಕಡೆ ಹೊರಟ. ಜಿನೆಸ್ತಾ ಅವನ ಅಂಗಿ ಹಿಡಿದೆಳೆದಳು.

"ಐನಾ ಹತ್ತಬಹುದಾ ತಾತ? ಅವಳು ಬಿದ್ರೆ ಪರವಾಗಿಲ್ವಾ?"

ಬೆನೆತ್ ಅವಳ ಬೆರಳು ಬಿಡಿಸತೊಡಗಿದ. ಫೆರ್ಮಿ ಎರಡನೇ ಸಲ ಅವನ ಹೆಸರು ಕೂಗುತ್ತಿದ್ದ. ಅಂಗಿ ಬಿಡಿಸಿಕೊಂಡು ಹೋದ. ಹೋಗದಿದ್ದರೆ ಆ ಕಾಲೇಜು ಹುಡುಗ ನಿಲ್ಲುತ್ತಿದ್ದ, ಆ ಮಗು ಅವನ ನಡುಗುವ ಕಾಲನ್ನು ನಂಬಿ ಹತ್ತುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡ. ನಿಜವೇ ಅದು. ಆದರೂ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮತ್ತೆ ಕತ್ತಲು. ಭಾರ ಇಳಿಯತೊಡಗಿತು. ಬೆನ್ನಿಗೊತ್ತಿದ ಪಾವ್‌ನ ಎದೆ ಡವಡವ ಹೊಡೆದುಕೊಳ್ಳುತ್ತಿದ್ದದ್ದು ಅಂಗಿಯೊಳಗಿಂದ ತಾಗುತ್ತಿತ್ತು.

"ಬೆನೆತ್," ಪಾವ್ ಕಿವಿಯ ಹತ್ತಿರ ಪಿಸುಗುಟ್ಟಿದ, "ನಾನೂ ಬೇಡ ಅನ್ನಬೇಕಿತ್ತಾ?"

"ಮಾತಾಡಬೇಡ," ಅಂದ ಬೆನೆತ್. "ಒತ್ತು."

ಇಬ್ಬರೂ ಒತ್ತಿದರು.