ಕೃತಿಚೌರ್ಯ ಎಂಬ ದೊಡ್ಡ ಮಾತು

ಹೈದರಾಬಾದಿನಲ್ಲಿ ಒಂದರ ಹಿಂದೊಂದು ಸಾಫ್ಟ್‌ವೇರ್ ಕಂಪನಿಗಳು ತೆರೆಯುತ್ತಿದ್ದ ಕಾಲ. ಕಲಬುರಗಿಯಿಂದ ಬಂದು ಅಂಥದ್ದೊಂದು ಕಂಪನಿ ಸೇರಿದ್ದ ನಾನು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ. ಎದುರಿಗೆ ಕೂತವರೊಡನೆ ಕನ್ನಡ ಆಡದೆ ವಾರಗಳೇ ಕಳೆಯುತ್ತಿದ್ದವು. ಅದಕ್ಕೇ ಬ್ಲಾಗ್ ಶುರುಮಾಡಿದೆ. ಒಂದು ಭಾನುವಾರ ರೊಟ್ಟಿ ಬಡಿಯುವಾಗ ಕೆಳಗಿನ ಮನೆಯವರು ಬಂದು ಸದ್ದು ನಿಲ್ಲಿಸಲು ಹೇಳಿದ್ದನ್ನು, ಆಮೇಲೆ ಕಲಸಿದ ಹಿಟ್ಟು ಮುಚ್ಚಿಟ್ಟು ಅನ್ನ ಮಾಡಿಕೊಂಡದ್ದನ್ನು ಬರೆದೆ. ಓದಿದೆ ಅಂತ ಯಾರೂ ಹೇಳಲಿಲ್ಲ.

ಮರುವರ್ಷ ಕನ್ನಡ ಸಂಘವೊಂದರ ಸಂಚಿಕೆಯಲ್ಲಿ ಅದೇ ಬರಹ ಸಿಕ್ಕಿತು, ಬೇರೆ ಹೆಂಗಸಿನ ಹೆಸರಲ್ಲಿ. ಕಲಬುರಗಿ ಇದ್ದಲ್ಲಿ ಬೀದರ ಆಗಿತ್ತು. ಉಳಿದದ್ದೆಲ್ಲ ನನ್ನದೇ, ನನ್ನ ಕಾಗುಣಿತದ ತಪ್ಪುಗಳ ಸಮೇತ.

ಸಂಪಾದಕರಿಗೆ ಫೋನ್ ಮಾಡಿದೆ. ಇದು ಕೃತಿಚೌರ್ಯ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಎಂದರು. ಆ ಮಾತನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಬಾಯಲ್ಲಿ ಆಡಿದ್ದಿಲ್ಲ. ನಮ್ಮ ಕಡೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ, ಕಚೇರಿಯಲ್ಲಿ ಪಹಣಿಯ ನಕಲು ಕೊಡುತ್ತಾರೆ. ಚೌರ್ಯ ಮಾಡಿದವರನ್ನು ನೋಡಿಯೇ ಬರೋಣವೆಂದು ಸಂಪಾದಕರಿಂದಲೇ ವಿಳಾಸ ಪಡೆದು ಹೈದರಾಬಾದಿನಲ್ಲೇ ಇದ್ದ ಬಾಲಾನಗರಕ್ಕೆ ಹೋದೆ.

ಬಾಗಿಲು ತೆರೆದವರು ನನ್ನ ದೊಡ್ಡಕ್ಕನ ವಯಸ್ಸಿನವರು. ನಾನು ಯಾರೆಂದು ಹೇಳಿದೊಡನೆ ಅವರ ಮುಖ ಬಿಳಿಚಿತು. ಆದರೂ ಒಳಗೆ ಕರೆದು ನೀರು ಕೊಟ್ಟರು. ಮಗಳು ಕಂಪ್ಯೂಟರಿನಲ್ಲಿ ತೋರಿಸಿದ್ದಳಂತೆ. ಇವರು ಕೈಯಲ್ಲಿ ಬರೆದುಕೊಂಡು ಮತ್ತೆ ಮತ್ತೆ ಓದಿಕೊಂಡಿದ್ದರಂತೆ. ಸಂಘದವರು ಬರಹ ಕೇಳಿದಾಗ ಅದನ್ನೇ ಕೊಟ್ಟಿದ್ದರು.

“ಕದ್ದಿಲ್ಲ ತಂಗಿ, ನಕಲ್ ಮಾಡೀನಿ,” ಎಂದರು. “ನಿಂದು ನಿನ್ನ ಹತ್ರನ ಐತಲ್ಲ.”

“ಹೆಸರು ಹೋತಲ್ರಿ ಅಕ್ಕಾರ.”

ಅವರು ತಲೆ ತಗ್ಗಿಸಿದರು. “ಓದಿದಾಗ ನಂದ ಅನಸ್ತು. ನಮ್ಮ ಕೆಳಗಿನವ್ರೂ ಹಂಗ ಅಂದಿದ್ರು.”

ಊಟಕ್ಕೆ ಏಳು ಎಂದರು. ಕೆಲಸವಿದೆ ಎಂದು ಸುಳ್ಳು ಹೇಳಿ ಹೊರಬಂದೆ.

ನನ್ನ ಹೆಸರು ಹಾಕಿದರೆ ಸಾಕು, ಆ ಮಾತು ಬೇಡ ಎಂದು ಸಂಪಾದಕರಲ್ಲಿ ಕೇಳಿಕೊಂಡೆ. ತಪ್ಪಿಗೆ ಅದರ ಹೆಸರನ್ನೇ ಹೇಳಬೇಕು ಎಂದರು. ‘ಕೃತಿಚೌರ್ಯ’ ದಪ್ಪಕ್ಷರದಲ್ಲಿ ಬಂತು. ಆಮೇಲೆ ಸಂಘದ ಸಭೆಗೆ ಹೋದಾಗ ಎಲ್ಲರೂ ಬಂದು ಮಾತಾಡಿಸಿದರು, ಎಲ್ಲರೂ ಅದೊಂದೇ ಸಂಗತಿಯ ಬಗ್ಗೆ. ಆಕೆ ಬಂದಿರಲಿಲ್ಲ.

ಕೆಲವು ತಿಂಗಳು ಬಿಟ್ಟು ಅವರನ್ನು ಕಾಣಲು ಬಾಲಾನಗರಕ್ಕೆ ಹೋದರೆ ಆ ಮನೆಯಲ್ಲಿ ಬೇರೆಯವರಿದ್ದರು. ಗಂಡನ ಕೆಲಸ ಬದಲಾಗಿ ಪಟಾನ್‌ಚೆರು ಕಡೆ ಹೋದರು, ವಿಳಾಸ ಗೊತ್ತಿಲ್ಲ ಎಂದು ತೆಲುಗಿನಲ್ಲಿ ಹೇಳಿದರು. ನಾನೂ ತೆಲುಗಿನಲ್ಲೇ ‘ಸರಿ’ ಎಂದು ಹೇಳಿ ಬಸ್‌ಸ್ಟಾಪಿನತ್ತ ನಡೆದೆ.