ಸಮುದ್ರಕ್ಕೆ ಬೆನ್ನು ಮಾಡಿ ಕುಳಿತವರು

ಸಮುದ್ರವೆಂದರೇನು? ನನ್ನ ಅಕ್ಕನ ಗಂಡ ಬಸಪ್ಪನವರ ಪ್ರಕಾರ, ಊಟಕ್ಕೆ ಕೂಡಲು ನೆರಳಿಲ್ಲದ ಜಾಗ.

(ನಗಬೇಡಿರಿ. ನಾನು ಜೊತೆಗಿದ್ದೆ, ಕಿವಿಯಾರೆ ಕೇಳಿದ್ದೇನೆ.)

ಬಸಪ್ಪನವರು ಬೈಲಹೊಂಗಲದ ಹತ್ತಿ ವ್ಯಾಪಾರಿಗಳು. ಹೋದ ವಾರ ಅವರು, ಅಕ್ಕ ಗಂಗವ್ವ, ನಾನು ಹುಬ್ಬಳ್ಳಿಗೆ ಹೋಗಿದ್ದೆವು. ಅಲ್ಲಿಯ ಇಬ್ಬರು ದಲಾಲರು ರೈಲಿನಲ್ಲಿ ಘಟ್ಟ ಇಳಿದು, ಗೋವೆಯ ಸಮುದ್ರ ನೋಡಿ, ಒಂದೇ ದಿನದಲ್ಲಿ ಮರಳುವ ಬೇತು ಹಾಕಿದರು. ಈಗ ದೊಡ್ಡವರ ಫ್ಯಾಶನ್ ಇದೇ. ಟಿಕೆಟ್ ಕೊಳ್ಳುವುದು, ಹೋಗಿಬಂದೆವೆಂದು ಹೇಳುವುದು. ನೋಡುವುದು ಅದರಲ್ಲಿ ಸೇರಿಲ್ಲ.

ಅಕ್ಕನನ್ನೂ ಕರೆದರು. ಬುತ್ತಿ ಕಟ್ಟಲು, ಬಡಿಸಲು ಒಬ್ಬರು ಬೇಕಲ್ಲ?

ಘಟ್ಟ ಶುರುವಾಯಿತು. ಕಣಿವೆ, ಸುರಂಗ, ಹಾಲು ಸುರಿದಂತೆ ಬೀಳುವ ನೀರು. ನಮ್ಮ ಮಹನೀಯರು? ಇಸ್ಪೀಟು ಎಲೆ ಹಂಚುತ್ತಿದ್ದರು.

“ಅವ್ವಾರ, ಖಿಡಕಿ ಮುಚ್ಚರಿ. ಹೊಗಿ ಬಂದು ಕೋಟ್ ಕರ್ರಗ ಆಗಾಕ ಹತ್ತೇತಿ,” ಎಂದ ಒಬ್ಬ ದಲಾಲ.

“ಕೋಟ್ ಒಗದರ ಬೆಳ್ಳಗ ಆಗತೈತ್ರಿ ಅಣ್ಣಾರ. ಈ ಗುಡ್ಡ ನಾ ಮತ್ತ ಎಂದ ನೋಡ್ಲಿ?” ಎಂದಳು ಅಕ್ಕ.

ಬಸಪ್ಪನವರೇ ಎದ್ದು ಖಿಡಕಿ ಮುಚ್ಚಿದರು. ಅಕ್ಕ ಗಾಜಿಗೆ ಹಣೆ ಹಚ್ಚಿ ಕುಳಿತಳು.

ಗೋವೆ ಬಂತು. ಬಸಪ್ಪನವರು ಸಮುದ್ರವನ್ನು ಒಮ್ಮೆ ನೋಡಿ, “ದೊಡ್ಡದೈತಿ ಬಿಡು,” ಎಂದರು. ಗಾಳಿಗೆ ಉಸುಕು ಹಾರಿ ರೊಟ್ಟಿಗೆ ಬೀಳುತ್ತದೆಂದು ಮೂವರೂ ನೀರಿಗೆ ಬೆನ್ನು ಮಾಡಿ ಕುಳಿತರು. ಅಕ್ಕ ಬಡಿಸಿದಳು. ಕೈ ತೊಳೆಯಲು ಹೋದವಳು ಬರಲೇ ಇಲ್ಲ.

ನೋಡಿದರೆ, ಇಳಕಲ್ ಸೀರೆ ಸಮೇತ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಾಳೆ!

“ಏ ಗಂಗೀ, ಹೊರಗ ಬಾ! ನಾಕ ಮಂದಿ ನೋಡಿದರ ಏನಂದಾರು?” ಬಸಪ್ಪನವರು ಕೂಗಿದರು.

“ಯಾರ ನೋಡಾಕ ಹತ್ಯಾರ್ರಿ? ಎಲ್ಲಾರೂ ಬೆನ್ನ ಮಾಡಿ ಕುಂತೀರಲ್ಲ!”

“ಗಾಡಿಗೆ ಹೊತ್ತಾತು. ನಿನ್ನ ಬಿಟ್ಟ ಹೊಕ್ಕೇನಿ ನೋಡ!”

“ಹೋಗ್ರಿ.”

ಅಕ್ಕ ಗಂಡನಿಗೆ ಹೀಗೆ ಅಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಬಸಪ್ಪನವರು ನಿಜವಾಗಿಯೂ ಹೊರಟರು. ದಲಾಲರೂ ಹಿಂದೆಯೇ ಹೋದರು. ನಾನು ನಿಂತೆ. ಅಕ್ಕ ಅವಸರ ಮಾಡಲಿಲ್ಲ. ಇನ್ನೊಂದು ತೆರೆಗೆ ಮುಖ ಕೊಟ್ಟಳು, ಮತ್ತೊಂದಕ್ಕೆ ಕೊಟ್ಟಳು, ಸಾಕೆನಿಸಿದ ಮೇಲೆ ಬಂದಳು. ಓಡಿ ಗಾಡಿ ಹಿಡಿದೆವು.

ಒದ್ದೆ ಸೀರೆಯಲ್ಲಿ ನಡುಗುತ್ತಿದ್ದವಳಿಗೆ ನನ್ನ ಶಲ್ಯ ಹೊದಿಸಿದೆ. ಕೋಟಿನವರು ಕೋಟು ಬಿಚ್ಚಲಿಲ್ಲ. ಬಸಪ್ಪನವರು ಹುಬ್ಬಳ್ಳಿಯ ತನಕ ಅವಳೊಡನೆ ಮಾತಾಡಲಿಲ್ಲ. (ಅಕ್ಕನಿಗೆ ಅದರಿಂದ ನಷ್ಟವಾದಂತೆ ಕಾಣಲಿಲ್ಲ.)

ಮೊನ್ನೆ ಬೈಲಹೊಂಗಲದಲ್ಲಿ ಬಸಪ್ಪನವರ ಕಟ್ಟೆಯ ಮೇಲೆ ಜನವೋ ಜನ. ತೆರೆಗಳು ತೊರಗಲ್ ಕೋಟೆಯಷ್ಟು ಎತ್ತರವಂತೆ! (ತೊರಗಲ್ಲನ್ನಾದರೂ ಸರಿಯಾಗಿ ನೋಡಿದ್ದಾರೋ ಇಲ್ಲವೋ.)

ರಾಮದುರ್ಗದಿಂದ ಬಂದವನೊಬ್ಬ ಕೇಳಿದ: “ಸಾವಕಾರ್ರ, ಆ ನೀರು ಖರೇನ ಉಪ್ಪ ಇರತೈತೇನ್ರಿ?”

ಬಸಪ್ಪನವರು ಮೀಸೆ ತಿರುವಿದರು. ಎಲೆಗೆ ಸುಣ್ಣ ಹಚ್ಚಿದರು.

ಬಾಗಿಲ ಮರೆಯಿಂದ ಅಕ್ಕ ಹೇಳಿದಳು: “ಕಣ್ಣ ಉರೀತಾವು, ಅಷ್ಟ ಉಪ್ಪ ಐತಿ.”

ಕೂತವರೆಲ್ಲ ಬಸಪ್ಪನವರ ಕಡೆಗೆ ತಿರುಗಿ ತಲೆದೂಗಿದರು: “ಏನ ನೋಡಿ ಬಂದೀರಿ ಸಾವಕಾರ್ರ!”