ಸೋಸಿದ ನೀರಿನ ಮೀನು

ನನ್ನ ಗಂಡ ಮದರಾಸಿಗೆ ಹೋಗುತ್ತಿದ್ದದ್ದು ಅಂಗಡಿಗೆ ಸ್ಟೀಲ್ ಪಾತ್ರೆ ತರಲಿಕ್ಕೆ. ಆ ಸಲ ಪಾತ್ರೆಗಳ ಜೊತೆಗೆ ಒಂದು ಮೀನನ್ನೂ ತಂದರು. ಅರವತ್ತರ ದಶಕದ ಮೊದಲ ವರ್ಷಗಳು. ಚನ್ನರಾಯಪಟ್ಟಣದಲ್ಲಿ ಬಣ್ಣದ ಮೀನನ್ನು ಗಾಜಿನಲ್ಲಿಟ್ಟು ಸಾಕಿದವರನ್ನು ಯಾರೂ ಕಂಡಿರಲಿಲ್ಲ. ತಂದದ್ದಾದರೂ ಎಲ್ಲಿಗೆ, ಜೈನರ ಮನೆಗೆ! ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಕೂತಿದ್ದ ಇವರನ್ನು ಬಸ್ಸಿನ ಕಂಡಕ್ಟರ್ "ಮೀನು ಸಾರಿಗಾ ಸಾ?" ಎಂದು ಕೇಳಿದನಂತೆ. ಇವರು ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಂಡೇ ಬಂದರು.

ತಂದದ್ದು ನನಗಾಗಿ. ನಾನು ಹಾಸನದಿಂದ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ, ಆಗಲೇ ಬಸುರಿ. ಮನೆಯಲ್ಲಿ ಇದ್ದವರು ನಾವಿಬ್ಬರು ಮತ್ತು ವಿಧವೆ ಅತ್ತೆ. ಗಂಡ ಅಂಗಡಿಗೆ ಹೋದ ಮೇಲೆ ನನಗೆ ಬೇಜಾರಾಗುತ್ತದೆ ಎಂದು ಇವರಿಗೆ ಯಾಕೋ ಹೊಳೆದಿತ್ತು. ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮೀನು ಮಾತ್ರ ಚೆಂದವಿತ್ತು. ಕಡು ನೀಲಿ ಮೈ, ಸೆರಗಿನ ಹಾಗೆ ಇಳಿಬಿದ್ದ ಕೆಂಪು ಬಾಲ. ಇದು ಕಾದಾಡುವ ಜಾತಿ, ಇನ್ನೊಂದು ಗಂಡು ಮೀನನ್ನು ಕಂಡರೆ ಕೊಲ್ಲದೆ ಬಿಡುವುದಿಲ್ಲ, ಒಂಟಿಯಾಗಿಯೇ ಇಡಬೇಕು ಎಂದರು ಗಂಡ. ಅತ್ತೆ ಬಗ್ಗಿ ನೋಡಿ, "ಇಷ್ಟು ಮುದ್ದಾಗಿ ಅದೆ, ಕೊಲ್ತದಂತಾ?" ಎಂದು ಬೆರಳು ಹಿಂದಕ್ಕೆ ತೆಗೆದುಕೊಂಡರು.

ಅಗಲ ಬಾಯಿಯ ಪೆಪ್ಪರಮೆಂಟ್ ಜಾಡಿಯನ್ನು ತೊಳೆದು ಅದಕ್ಕೆ ಮನೆ ಮಾಡಿದೆವು. ಎಗರಿ ಹೊರಗೆ ಬೀಳದಂತೆ ಬಾಯಿಗೆ ತೆಳು ಬಟ್ಟೆ ಕಟ್ಟಿದೆವು. ಚಳಿ ತಾಗದಿರಲೆಂದು ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿಟ್ಟೆವು. ನೀರಿನ ವಿಷಯ ಅತ್ತೆಯದು. ಹಿತ್ತಲ ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸದೆ ನಮ್ಮ ಮನೆಯಲ್ಲಿ ಕಾಲು ಸಹ ತೊಳೆಯುತ್ತಿರಲಿಲ್ಲ. ಸೋಸಿ ಆದ ಮೇಲೆ ಬಟ್ಟೆಯನ್ನು ತಿರುಗಿಸಿ, ಮೇಲೆ ಸೋಸಿದ ನೀರು ಹೊಯ್ದು, ಅದರಲ್ಲಿ ಸಿಕ್ಕಿದ ಕಣ್ಣಿಗೆ ಕಾಣುವ, ಕಾಣದ ಹುಳಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕು. ನನ್ನ ತವರಿನಲ್ಲೂ ಈ ಪದ್ಧತಿ ಇತ್ತು, ಆದರೆ ಶಾಸ್ತ್ರಕ್ಕೆ. ಇಲ್ಲಿ ಅದು ಉಸಿರಾಟದಷ್ಟೇ ಸಹಜ. ಸೋಸಿ, ಕಾಯಿಸಿ, ಆರಿಸಿದ ನೀರನ್ನೇ ಮೀನಿಗೂ ಕೊಟ್ಟೆವು. ಒಂದು ಹುಳವೂ ಇಲ್ಲದ ನೀರು.

ಮೀನು ತಿನ್ನಲಿಲ್ಲ. ಅನ್ನದ ಅಗುಳು ಹಾಕಿದೆವು, ಹುರಿಗಡಲೆ ಪುಡಿ ಹಾಕಿದೆವು, ಬಾಳೆಹಣ್ಣು ಹಿಸುಕಿ ಹಾಕಿದೆವು. ಮೂಸಿಯೂ ನೋಡಲಿಲ್ಲ. ದಿನ ಕಳೆದಂತೆ ನೀಲಿ ಮಾಸಿ ಬೂದಿಯಾಯಿತು, ಬಾಲ ಮುದುಡಿತು. ಜಾಡಿಯ ತಳಕ್ಕೆ ಒರಗಿ, ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತಿತ್ತು. ಅದು ಮೇಲೆ ಬಾರದೆ ಹೋದರೆ ಎಂದು ನಾನು ಒಲೆಯ ಮುಂದೆ ಕೂತು ಕಾಯುತ್ತಿದ್ದೆ.

ಕೊನೆಗೆ ಗಂಡ ಬಾಯಿ ಬಿಟ್ಟರು. "ಮೀನು ಮಾರಿದ ಅಂಗಡಿಯವ್ನು ಹೇಳಿದ್ದ ಕಣಮ್ಮ. ಅದು ಹುಳ ತಿನ್ನತ್ತಂತೆ. ಜೀವ ಇರೋ ಹುಳ. ಏನೋ ಇಲ್ಲಿಗೆ ಬಂದ್ಮೇಲೆ ಅಭ್ಯಾಸ ಆಗ್ಬೋದು ಅನ್ಕಂಡೆ."

ಅವತ್ತು ಸಂಜೆ, ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕರೆದರೆ ಅತ್ತೆ ಬರಲಿಲ್ಲ. "ಬಾಗ್ಲು ದಾಟಿ ಒಳಕ್ ಬಂದಿರೋ ಜೀವ ಅಸ್ಕಂಡದೆ. ನಂಗೆ ಹೆಂಗೆ ಇಳೀತದೆ?" ಎಂದರು. ಮಾರನೆಯ ದಿನವೂ ಅಷ್ಟೇ. ಆ ಮನೆಯಲ್ಲಿ ಉಪವಾಸ ಎಂದರೆ ಬರೀ ಉಪವಾಸವಲ್ಲ. ಅತ್ತೆಯ ಅತ್ತೆ ಸಲ್ಲೇಖನ ವ್ರತ ಹಿಡಿದು ಹೋದವರು. ಮೊದಲು ಅನ್ನ ಬಿಟ್ಟರು, ಆಮೇಲೆ ಹಾಲು, ಆಮೇಲೆ ನೀರು. ನಡುಮನೆಯಲ್ಲಿ ಅವರು ಕೊನೆಗೆ ಮಲಗಿದ್ದ ಜಾಗದಲ್ಲಿ ಯಾರೂ ಚಾಪೆ ಹಾಸುತ್ತಿರಲಿಲ್ಲ. ಸಾಸಿವೆ ಡಬ್ಬಿ ತರಲು ಹೋದಾಗಲೂ ನಾನು ಆ ಜಾಗವನ್ನು ಬಳಸಿಕೊಂಡೇ ಹೋಗುತ್ತಿದ್ದೆ.

ಕೆರೆಗೆ ಬಿಟ್ಟು ಬರುತ್ತೇನೆ ಎಂದರು ಗಂಡ. ಈ ಚಳಿಯಲ್ಲಿ, ದೊಡ್ಡ ಮೀನುಗಳ ಬಾಯಿಗಾ ಎಂದು ಅತ್ತೆ ಒಪ್ಪಲಿಲ್ಲ. ಹಾಸನದಲ್ಲಿ ಯಾರಿಗಾದರೂ ಕೊಡೋಣವೆಂದರೆ, "ಹುಳ ಹಾಕೋ ಕೆಲ್ಸ ಇನ್ನೊಬ್ರ ಕೈಲಿ ಮಾಡ್ಸೋದು ಇನ್ನೂ ಪಾಪ" ಎಂದರು.

ಮರುದಿನ ಬೆಳಿಗ್ಗೆ ನಾನು ನೀರು ಸೋಸಿ, ಬಟ್ಟೆ ಹಿಡಿದು ಬಾವಿಯ ಕಡೆ ಹೊರಟಿದ್ದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಹುಳಗಳು ಮಿಡುಕುತ್ತಿದ್ದವು. ಅತ್ತೆ ಅಡ್ಡ ಬಂದರು. ನನ್ನ ಕಣ್ಣು ಬಟ್ಟೆಯಿಂದ ಗೂಡಿನ ಕಡೆ ಹೋದದ್ದನ್ನು ನೋಡಿದ್ದರೋ ಏನೋ.

"ಇತ್ಲಾಗ್ ಕೊಡು. ಹೊಟ್ಟೇಲಿ ಕೂಸು ಇಟ್ಕಂಡು ನೀನು ಮಾಡ್ಬ್ಯಾಡ. ನಂಗಿರ್ಲಿ."

ಬಟ್ಟೆಯನ್ನು ಜಾಡಿಯ ಮೇಲೆ ತಿರುಗಿಸಿ ನೀರು ಹೊಯ್ದರು. ಮೀನು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಬಾಣದಂತೆ ಎದ್ದು ಬಂದು ನುಂಗತೊಡಗಿತು. ಅತ್ತೆ ಮುಖ ತಿರುಗಿಸಲಿಲ್ಲ, ಕೊನೆಯ ಹುಳದವರೆಗೂ ನೋಡಿದರು. ಅವತ್ತು ಊಟಕ್ಕೆ ಕೂತರು. ನನಗೆ ಹೋದ ಜೀವ ಬಂದಂತಾಯಿತು. ತುಪ್ಪ ಬಡಿಸಲು ಹೋದರೆ ಕೈ ಅಡ್ಡ ಹಿಡಿದು, "ಇನ್ಮೇಲೆ ಬ್ಯಾಡ" ಎಂದರು.

ಮೀನು ಚೇತರಿಸಿಕೊಂಡಿತು. ಮಾಸಿದ ನೀಲಿ ಮರಳಿತು, ಬಾಲ ಬಿಚ್ಚಿಕೊಂಡಿತು. ನೀರೆಲ್ಲ ಒಟ್ಟಿಗೆ ಬದಲಿಸಿದರೆ ಬೆದರುತ್ತದೆ, ಸ್ವಲ್ಪ ಸ್ವಲ್ಪವೇ ತೆಗೆದು ತುಂಬಬೇಕು ಎಂದು ಕಲಿತೆವು. ಕನ್ನಡಿ ತೋರಿಸಿದರೆ ಕಿವಿರು ಅರಳಿಸಿ ಯುದ್ಧಕ್ಕೆ ನಿಲ್ಲುತ್ತಿತ್ತು. ಒಂದು ದಿನ ನೀರಿನ ಮೇಲೆ ಗುಳ್ಳೆಗಳನ್ನು ಸೇರಿಸಿ ನೊರೆಯ ಗೂಡು ಕಟ್ಟಿತು. ಸುಖವಾಗಿದ್ದರೆ ಮಾತ್ರ ಹಾಗೆ ಕಟ್ಟುತ್ತದಂತೆ ಎಂದು ಗಂಡ ಹಿಗ್ಗಿದರು. ಅದೇ ದಿನ ಅತ್ತೆ ಮೊಸರು ಬಿಟ್ಟರು. ಆಮೇಲೆ ಬೆಲ್ಲ, ಆಮೇಲೆ ಹಣ್ಣು, ಆಮೇಲೆ ಒಂದು ಹೊತ್ತಿನ ಊಟ. ಅದಕ್ಕೆ ವ್ರತ ಎಂದು ಹೆಸರಿಡಲೂ ಇಲ್ಲ, ನಮ್ಮನ್ನು ಕೇಳಲೂ ಇಲ್ಲ. ಪ್ರತಿ ಬೆಳಿಗ್ಗೆ ಬಟ್ಟೆ ತಿರುಗಿಸುವುದು ಮಾತ್ರ ತಪ್ಪಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಒಂದ್ ಮೀನಿಗೋಸ್ಕರ ಪ್ರಾಣ ಬಿಡ್ತೀರಾ ಅತ್ತೆ?" ಎಂದು ಕೂಗಾಡಿದೆ.

"ಮೀನಿಗಲ್ಲ ಕಣವ್ವ," ಎಂದರು. "ಅದು ತಿನ್ನೋವಕ್ಕೆ."

ಹೆರಿಗೆಗೆ ಹಾಸನಕ್ಕೆ ಹೋಗಿ, ಬಾಣಂತನ ಮುಗಿಸಿ, ಮಗಳನ್ನೆತ್ತಿಕೊಂಡು ಬಂದಾಗ ಮೊದಲು ಕಂಡದ್ದು ಜಾಡಿ. ಮೀನು ಕೊಬ್ಬಿ ಮಿರಮಿರ ಮಿಂಚುತ್ತಿತ್ತು. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ ಅತ್ತೆಯ ತೋಳಿನಲ್ಲಿ ರವಿಕೆ ಜೋಲುತ್ತಿತ್ತು. ಆ ಮೀನನ್ನು ಕಂಡರೆ ನನಗೆ ಮೈಯೆಲ್ಲ ಉರಿಯತೊಡಗಿತು. ಮಗಳನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅತ್ತೆ ಆ ಹೊತ್ತಿಗೆ ಅನ್ನ ಬಿಟ್ಟಿದ್ದರು. ಗಂಜಿಯ ತಿಳಿ ಮತ್ತು ಹಾಲು, ಅಷ್ಟೇ. ಡಾಕ್ಟರು ಬಂದು ನೋಡಿ ಗಂಡನನ್ನು ಹೊರಗೆ ಕರೆದು ಬೈದು ಹೋದರು.

ಮಗಳು ಅಂಬೆಗಾಲಿಡುವ ಕಾಲಕ್ಕೆ ಮೀನು ಸತ್ತಿತು. ಕಾಯಿಲೆಯೇನಿಲ್ಲ, ಆಯಸ್ಸು ಮುಗಿದಿತ್ತು. ಅತ್ತೆಯೇ ಅದನ್ನು ಹಿತ್ತಲ ಬಾವಿಯ ಹಿಂದೆ ಹೂಳಿಸಿದರು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಒಲೆ ಹೊತ್ತಿಸಿ ಬಿಸಿ ಅನ್ನ, ತೊವ್ವೆ ಮಾಡಿದೆ. ಇನ್ನು ಯಾವ ಹುಳವೂ ಸಾಯುವುದಿಲ್ಲ, ಇನ್ನಾದರೂ ಉಣ್ಣಿ ಎಂದೆ. ಅತ್ತೆ ಇಲ್ಲ ಎನ್ನಲಿಲ್ಲ. ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತರು. ತುಪ್ಪ ಬಡಿಸಿದೆ, ಕೈ ಅಡ್ಡ ಹಿಡಿಯಲಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರು ಬಂತು. ಕೊನೆಗೆ ಅದನ್ನು ಕೈಗೆ ತೆಗೆದುಕೊಂಡು, ತಪ್ಪು ಮಾಡಿದವರಂತೆ ನಕ್ಕರು.

"ಇಳೀತಿಲ್ಲ ಕಣವ್ವ. ಗಂಟ್ಲಿಗೆ ಅನ್ನ ಮರ್ತೋಗದೆ."

ತಟ್ಟೆಯನ್ನು ನನ್ನ ಕಡೆ ಸರಿಸಿದರು. "ನೀನುಣ್ಣು, ಹಾಲುಣಿಸೋಳು. ಆರೋಗ್ತದೆ."

ನಾನು ಉಂಡೆ. ಅವರು ಎದುರಿಗೆ ಕೂತು ಕೊನೆಯ ಅಗುಳಿನವರೆಗೂ ನೋಡಿದರು.